ಬೀಗದೊಳಗಿನ ಸೊಪ್ಪು

ಚಾಮರಾಜಪೇಟೆಯ ಒಂದು ಧರ್ಮಾರ್ಥ ಚಿಕಿತ್ಸಾಲಯದಲ್ಲಿ ಆಹಾರ ಸಲಹೆ ಕೊಡುವುದು ನನ್ನ ಕೆಲಸ. ಸಕ್ಕರೆ ಕಾಯಿಲೆಯವರು ಏನು ಬಿಡಬೇಕು, ರಕ್ತ ಕಡಿಮೆ ಇರುವವರು ಏನು ತಿನ್ನಬೇಕು ಎಂದು ಹೇಳಿ ಹೇಳಿ ನನ್ನ ಮಾತು ನನಗೇ ಬಾಯಿಪಾಠದಂತೆ ಕೇಳಿಸತೊಡಗಿತ್ತು. ಒಂದು ದಿನ ಎದುರಿಗೆ ಕೂತಿದ್ದ ಹೆಂಗಸು ನನ್ನನ್ನು ಅರ್ಧಕ್ಕೇ ತಡೆದಳು.

"ಮೇಡಂ, ನಾವು ತಿನ್ನೋದು ಛತ್ರದ ಊಟ. ದಿನಾ ಸೊಪ್ಪು ತಿನ್ನಿ ಅಂತೀರಲ್ಲ, ನಾನು ಮನೆಗೆ ಬರೋ ಹೊತ್ತಿಗೆ ಸೊಪ್ಪಿನ ಗಾಡಿ ಎಲ್ಲಿರುತ್ತೆ?"

ಆಕೆ ವಿಶ್ವೇಶ್ವರಪುರಂ ಕಡೆಯ ಒಬ್ಬ ಅಡುಗೆ ಕಂಟ್ರಾಕ್ಟರ್ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲಿ ದೊಡ್ಡ ಅಡುಗೆಯೋ ಅಲ್ಲಿ ಇವಳು. ಬೆಳಗಿನ ಜಾವ ಹೊರಟರೆ ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಒಂದಿಷ್ಟು ಬಿಡುವು, ಆಮೇಲೆ ಮತ್ತೆ ಆರತಕ್ಷತೆಗೆ ಓಟ. ಉಳಿದ ಅನ್ನ, ಪಲಾವ್, ಜಾಮೂನು ಡಬ್ಬಿಗಳಲ್ಲಿ ಮನೆಗೆ ಬರುತ್ತಿದ್ದವು. ಆ ಮನೆಯಲ್ಲಿ ಯಾರೂ ಹಸಿದು ಮಲಗುತ್ತಿರಲಿಲ್ಲ. ಆದರೂ ತಾಯಿಯ ಸಕ್ಕರೆ ಏರುತ್ತಲೇ ಇತ್ತು. ಹೈಸ್ಕೂಲಿಗೆ ಹೋಗುವ ಮಗಳು ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ತಲೆ ಸುತ್ತಿ ಬಿದ್ದಿದ್ದಳು.

ಮಾತಾಡುತ್ತಾ ಹೋದಾಗ ಗೊತ್ತಾಯಿತು, ಆಕೆ ಇರುವ ವಠಾರ ತ್ಯಾಗರಾಜನಗರದಲ್ಲಿ ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲೇ. ನಮ್ಮಿಬ್ಬರ ಮನೆಗಳ ನಡುವೆ ನೀರಿನ ಟ್ಯಾಂಕಿನ ಪಕ್ಕ ಪಾಲಿಕೆಗೆ ಸೇರಿದ ಒಂದು ತುಂಡು ಜಾಗವಿತ್ತು. ಬೀದಿಯವರೆಲ್ಲ ಕದ್ದುಮುಚ್ಚಿ ಕಸ ಎಸೆಯುತ್ತಿದ್ದ ಜಾಗ. ಅಲ್ಲೊಂದು ತೋಟ ಮಾಡಿದರೆ ಹೇಗೆ ಎಂದು ನಾನು ಕೇಳಿದೆ.

"ಮಾಡೋಣ, ಆದ್ರೆ ನೀವೂ ಗುದ್ದಲಿ ಹಿಡೀಬೇಕು" ಎಂದಳು.

ಹಿಡಿದೆ. ಬಡಾವಣೆಯ ಸಂಘದ ಕಾರ್ಯದರ್ಶಿಗಳು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು; ಅವರೇ ಪಾಲಿಕೆಯ ಕಚೇರಿಗೆ ಅಲೆದು ಒಪ್ಪಿಗೆ ತಂದರು. ವಠಾರದ ಹೆಂಗಸರು ಪ್ಲಾಸ್ಟಿಕ್, ಒಡೆದ ಕಮೋಡು, ಹಳೆಯ ಹಾಸಿಗೆಯ ಹತ್ತಿ ಎಲ್ಲವನ್ನೂ ಹೊರಗೆ ಹಾಕಿದರು. ಕೆಮ್ಮಣ್ಣು ಬಂತು, ಗೊಬ್ಬರ ಬಂತು. ದಂಟು, ಹರಿವೆ, ಮೆಂತ್ಯ, ಬಸಳೆ ಹಾಕಿದೆವು. ಮೂಲೆಗೊಂದು ನುಗ್ಗೆ ಕಡ್ಡಿ ನೆಟ್ಟೆವು. ಭಾನುವಾರಗಳಲ್ಲಿ ಅಲ್ಲೇ ಗ್ಯಾಸ್ ಒಲೆ ಇಟ್ಟು, ಛತ್ರದ ಅನ್ನಕ್ಕೆ ಸೊಪ್ಪು ಬೇಳೆ ಸೇರಿಸಿ ತಿನ್ನುವುದು ಹೇಗೆ, ಜಾಮೂನಿನ ಡಬ್ಬಿಯನ್ನು ಮನೆಯೊಳಗೆ ತರದೇ ಇರುವುದು ಹೇಗೆ ಎಂದು ಪಾಠ ಮಾಡಿದೆ. ಪಾಠಕ್ಕಿಂತ ನಗುವೇ ಜಾಸ್ತಿ ಇರುತ್ತಿತ್ತು. ಮೊದಲ ದಂಟಿನ ಸೊಪ್ಪಿನಲ್ಲಿ ಆಕೆ ಮಸ್ಸೊಪ್ಪು ಮಾಡಿ ನನಗೂ ಒಂದು ಲೋಟ ತಂದಳು. "ನನ್ ಮಗಳು ಎರಡ್ಸಲ ಹಾಕುಸ್ಕೊಂಡ್ಳು ಮೇಡಂ" ಎಂದಾಗ ಆಕೆಯ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಚಿಕಿತ್ಸಾಲಯದಲ್ಲಿ ಯಾವತ್ತೂ ಕಂಡಿರಲಿಲ್ಲ.

ತೊಂದರೆ ಶುರುವಾದದ್ದು ತೋಟ ಚೆನ್ನಾಗಿ ಬಂದ ಮೇಲೆ.

ಬೆಳಿಗ್ಗೆ ವಾಕಿಂಗ್ ಹೋಗುವವರು ನಿಂತು ಫೋಟೋ ತೆಗೆಯತೊಡಗಿದರು. ಔಷಧಿ ಹೊಡೆಯದ ಸೊಪ್ಪು ಎಂದು ಬಸವನಗುಡಿಯವರೆಗೂ ಸುದ್ದಿಯಾಯಿತು. ಯಾರೋ ಕಸ ಎಸೆದರು, ಒಂದು ಹಸು ನುಗ್ಗಿ ಮೆಂತ್ಯದ ಪಾತಿ ತಿಂದು ಹೋಯಿತು. ಸಂಘದವರು ತಂತಿ ಬೇಲಿ ಹಾಕಿ ಗೇಟಿಗೆ ಬೀಗ ಜಡಿದರು. ಬೆಳಿಗ್ಗೆ ಆರರಿಂದ ಎಂಟು, ಸಂಜೆ ನಾಲ್ಕರಿಂದ ಆರು ಮಾತ್ರ ತೆರೆದಿರುತ್ತದೆ ಎಂದರು. ಯಾವತ್ತು ಯಾವ ಸೊಪ್ಪು ಕೀಳುವುದು, ಬೇಕಾದವರು ಯಾರು ಎಂಬುದೆಲ್ಲ ವಾಟ್ಸಾಪ್ ಗ್ರೂಪಿನಲ್ಲಿ ನಡೆಯತೊಡಗಿತು. ಗ್ರೂಪಿನಲ್ಲಿ ಇದ್ದದ್ದು ನನ್ನಂಥ ಸಂಘದ ಸದಸ್ಯರು. ವಠಾರದವರು ಬಾಡಿಗೆಯವರು, ಸದಸ್ಯರಲ್ಲ.

ನಾನು ಕಾರ್ಯದರ್ಶಿಗಳ ಮನೆಗೆ ಹೋದೆ. "ಆ ಹೆಂಗಸರು ನಿಮ್ಮ ಟೈಮಿಗೆ ಮನೇಲೇ ಇರಲ್ಲ ಸಾರ್" ಎಂದೆ.

"ಗ್ರೂಪಲ್ಲಿ ಹಾಕಿದ್ವಲ್ಲಮ್ಮ. ಯಾರೂ ಬೇಕು ಅಂತ ಹೇಳ್ಲಿಲ್ಲ."

"ಅವರು ಗ್ರೂಪಲ್ಲೇ ಇಲ್ಲ."

"ಹಾಗಂತ ಗೇಟು ತೆರೆದಿಡಕ್ಕಾಗುತ್ತಾ? ಮತ್ತೆ ಕಸ ಬೀಳುತ್ತೆ. ಎಲ್ಲರಿಗೂ ಒಂದೇ ರೂಲ್. ನನಗೂ ಅದೇ, ನಿಮಗೂ ಅದೇ."

ಅವರು ಕೆಟ್ಟವರಲ್ಲ. ಮಂಡಿ ನೋವಿದ್ದರೂ ದಿನಾ ನಸುಕಿಗೇ ಎದ್ದು ಗಿಡಗಳಿಗೆ ನೀರು ಹಾಕುತ್ತಿದ್ದವರು ಅವರೇ. ನನಗೆ ಅದೇ ಹೆಚ್ಚು ಸಿಟ್ಟು ತರಿಸುತ್ತಿತ್ತು. ಕೆಟ್ಟವರಾಗಿದ್ದರೆ ಜಗಳ ಸುಲಭವಾಗಿರುತ್ತಿತ್ತು. ಎಲ್ಲರಿಗೂ ಒಂದೇ ರೂಲ್ ಎಂಬ ಅವರ ಮಾತಿಗೆ ನಾನು ಏನು ಹೇಳಿದರೂ ಕೆಲವರಿಗೆ ಮಾತ್ರ ರಿಯಾಯಿತಿ ಕೇಳಿದ ಹಾಗೆಯೇ ಅವರಿಗೆ ಕೇಳಿಸುತ್ತಿತ್ತು.

ಶ್ರಾವಣದ ಮದುವೆಗಳ ನಡುವೆ ಒಂದು ಮಧ್ಯಾಹ್ನ ಚಿಕಿತ್ಸಾಲಯದಲ್ಲಿದ್ದಾಗ ನನ್ನ ಫೋನಿಗೆ ಗ್ರೂಪಿನ ಒಂದು ವಿಡಿಯೋ ಬಂತು. ಬೇಲಿಯ ಒಳಗೆ ಆಕೆ ನಿಂತಿದ್ದಾಳೆ. ಸೆರಗಿನ ಮಡಿಲಲ್ಲಿ ಬಸಳೆ. ಹೊರಗಿನಿಂದ ಒಬ್ಬರು ಕೇಳುತ್ತಿದ್ದಾರೆ, "ಯಾರಮ್ಮ ನೀನು? ಯಾರನ್ನ ಕೇಳಿ ಕೀಳ್ತಿದೀಯ?" ಆಕೆ ತನ್ನತ್ತ ಹಿಡಿದ ಫೋನನ್ನೇ ನೋಡುತ್ತಿದ್ದಾಳೆ. ಕೆಳಗೆ ಬರೆದಿದ್ದರು: ತೋಟದಲ್ಲಿ ಕಳ್ಳತನ, ಸಿಸಿ ಕ್ಯಾಮೆರಾ ಹಾಕಿಸೋಣ. ಅದಕ್ಕೆ ಸಾಲಾಗಿ ಹೆಬ್ಬೆರಳುಗಳು.

ಕೈಲಿದ್ದ ಕೆಲಸ ಬಿಟ್ಟು ಆಟೋ ಹತ್ತಿದೆ. ನಾನು ತಲುಪುವಷ್ಟರಲ್ಲಿ ಆಕೆ ಬೇಲಿಯಿಂದ ಹೊರಗೆ ಬಂದಿದ್ದಳು. ತಂತಿ ತಾಗಿ ಮೊಣಕೈ ಗೀರಿತ್ತು. ಕಿತ್ತ ಬಸಳೆಯನ್ನೆಲ್ಲ ಗೇಟಿನ ಮುಂದೆ ಇಟ್ಟಿದ್ದಳು. ಕಾರ್ಯದರ್ಶಿಗಳೂ ಬಂದು ನಿಂತಿದ್ದರು.

"ಈ ಪಾತಿ ಅಗೆದಿದ್ದೇ ಇವಳು ಸಾರ್! ಇವಳ ಕೈಯಾರೆ ನೆಟ್ಟ ಬಳ್ಳಿ ಇದು!" ಎಂದು ನಾನು ಬೀದಿಯಲ್ಲೇ ಕೂಗಿದೆ.

"ಕೂಗ್ಬೇಡಿ. ವಿಡಿಯೋ ಮಾಡಿದ್ದು ತಪ್ಪು, ನಾನು ಡಿಲೀಟ್ ಮಾಡುಸ್ತೀನಿ" ಎಂದರು ಅವರು. "ಆದ್ರೆ ಬೇಲಿ ಹಾರಿದ್ದೂ ತಪ್ಪಲ್ವಾ?"

ಆಕೆ ನನ್ನ ಕೈ ಹಿಡಿದು ಎಳೆದಳು. "ಬಿಡಿ ಮೇಡಂ. ನಂಗೆ ಆರತಕ್ಷತೆಗೆ ಲೇಟಾಗ್ತಿದೆ." ಅಷ್ಟೇ ಹೇಳಿ ಹೊರಟಳು.

ನಾನು ಒತ್ತಾಯಿಸಿ ಸಂಘದ ಸಭೆ ಕರೆಸಿದೆ. ಟ್ಯಾಂಕಿನ ಪಕ್ಕದ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು, ಕಾಫಿ ಕುಡಿಯುತ್ತಾ, ತೋಟ ಯಾರಿಗಾಗಿ ಎಂದು ಚರ್ಚಿಸಿದೆವು. ಸೊಪ್ಪಿನಲ್ಲಿರುವ ಕಬ್ಬಿಣದ ಬಗ್ಗೆ ಒಬ್ಬರು ನನಗೇ ಪಾಠ ಹೇಳಿದರು. ಮತ್ತೊಬ್ಬರು ಪಾತಿಗಳ ನಡುವೆ ಕಲ್ಲುಬೆಂಚು ಹಾಕಿಸುವ ವಿಷಯ ತೆಗೆದರು. ಕೊನೆಗೆ ಗೇಟಿನ ಸಮಯ ಬದಲಾಗಲಿಲ್ಲ. ಅದರ ಬದಲು ಪ್ರತಿ ಶನಿವಾರ ಮಿಕ್ಕ ಸೊಪ್ಪನ್ನು ಚೀಲಗಳಲ್ಲಿ ಕಟ್ಟಿ ವಠಾರಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ಎಲ್ಲರಿಗೂ ಸಮಾಧಾನವಾಯಿತು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಮೊದಲ ಚೀಲ ನಾನೇ ಒಯ್ದೆ. ಆಕೆ ಬಾಗಿಲಲ್ಲೇ ನಿಂತು ಚೀಲದೊಳಗೆ ಇಣುಕಿ ನೋಡಿದಳು. ಬಾಡಿದ ಹರಿವೆ, ಹಳದಿ ತಿರುಗಿದ ದಂಟು.

"ಛತ್ರದಲ್ಲಿ ಮಿಕ್ಕಿದ್ದು ತರ್ತೀನಿ. ತೋಟದ್ದೂ ಮಿಕ್ಕಿದ್ದೇನಾ ಮೇಡಂ?" ಎಂದು ಕೇಳಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು.

ಆಮೇಲೆ ಆಕೆ ಭಾನುವಾರದ ಪಾಠಕ್ಕೆ ಬರುವುದನ್ನು ನಿಲ್ಲಿಸಿದಳು. ಅವಳಿಲ್ಲದೆ ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು. ಆಕೆ ಚಿಕಿತ್ಸಾಲಯಕ್ಕೂ ಬರಲಿಲ್ಲ. ಕಾರ್ತಿಕದಲ್ಲಿ ಬಂದಾಗ ಪಾದದಲ್ಲಿ ಒಂದು ಗಾಯವಿತ್ತು, ಪಾತ್ರೆ ತೊಳೆಯುವ ನೀರಿನಲ್ಲಿ ನಿಂತು ನಿಂತು ಮಾಗದೇ ಉಳಿದದ್ದು. ಸಕ್ಕರೆ ಮೊದಲಿಗಿಂತ ಮೇಲೆ ಹೋಗಿತ್ತು. ಡಾಕ್ಟರು ಬೈದು, ಗಾಯಕ್ಕೆ ಪಟ್ಟಿ ಹಾಕಿಸಿ, ಆಹಾರದ ಬಗ್ಗೆ ತಿಳಿದುಕೋ ಎಂದು ನನ್ನ ಮೇಜಿಗೇ ಕಳಿಸಿದರು. ನಾವಿಬ್ಬರೂ ಎದುರು ಬದುರು ಕೂತೆವು. ದಿನಾ ಸೊಪ್ಪು ತಿನ್ನಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

"ಮಧ್ಯಾಹ್ನ ಗೇಟು ತೆರೆದಿದ್ರೆ ಬರ್ತೀಯಾ?" ಎಂದು ಕೇಳಿದೆ.

"ತೆರೆದಿರಲ್ವಲ್ಲ" ಎಂದಳು.

ಅದೇ ಸಂಜೆ ಕಾರ್ಯದರ್ಶಿಗಳ ಮನೆಗೆ ಹೋಗಿ ಕೂತುಬಿಟ್ಟೆ. ಆಕೆಯ ಕಾಲಿನ ಗಾಯದ ಬಗ್ಗೆ ಹೇಳಿದೆ. ಅವರಿಗೂ ಸಕ್ಕರೆ ಕಾಯಿಲೆ ಇದೆ. ಅವರು ಎದ್ದು ಒಳಗಿನಿಂದ ಒಂದು ಕೀಲಿ ತಂದುಕೊಟ್ಟರು. "ಮಧ್ಯಾಹ್ನ ನೀವೇ ಕೂತಿರ್ಬೇಕು. ನೀವಿಲ್ದೆ ತೆರೆಯೋ ಹಾಗಿಲ್ಲ. ಗ್ರೂಪಲ್ಲಿ ಕೇಳಿದ್ರೆ ನಾನು ಹೇಳ್ಕೋತೀನಿ."

ಈಗ ಊಟದ ಬಿಡುವಿನಲ್ಲಿ ನಾನು ಚಾಮರಾಜಪೇಟೆಯಿಂದ ಆಟೋದಲ್ಲಿ ಬಂದು ಆ ಗೇಟು ತೆಗೆದು ಕೂರುತ್ತೇನೆ. ಎಷ್ಟೋ ದಿನ ಯಾರೂ ಬರುವುದಿಲ್ಲ. ಹೋದ ವಾರ ಆಕೆ ಪಕ್ಕದ ಮನೆಯವಳನ್ನು ಕರೆದುಕೊಂಡು, ಪಟ್ಟಿ ಕಟ್ಟಿದ ಕಾಲನ್ನು ಎಳೆಯುತ್ತಾ ಬಂದಳು. ಬಸಳೆಯ ಹತ್ತಿರ ಸುಳಿಯಲಿಲ್ಲ, ಒಂದಿಷ್ಟು ದಂಟು ಮಾತ್ರ ಕಿತ್ತಳು. ಹೋಗುವಾಗ, "ನಾವೇ ಬೆಳೆದಿದ್ದು ಕೀಳಕ್ಕೆ ನೀವು ಕಾವಲು ಕೂರ್ಬೇಕಾ ಮೇಡಂ?" ಎಂದಳು.

ಆಕೆಯ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನನ್ನ ಬಗ್ಗೆ ಮರುಕವಿತ್ತು. ನನಗೆ ಮೈಯೆಲ್ಲ ಉರಿಯಿತು. ಮರುಕ ಬೇಡವಾಗಿತ್ತು. ಆಕೆ ತನಗೆ ಬೇಕೆನಿಸಿದಾಗ ಬಂದು, ಯಾರನ್ನೂ ಕೇಳದೆ, ಯಾರಿಗೂ ಲೆಕ್ಕ ಒಪ್ಪಿಸದೆ ಮಡಿಲು ತುಂಬಾ ಕಿತ್ತುಕೊಂಡು ಹೋಗಬೇಕಿತ್ತು. ಅಷ್ಟನ್ನು ಮಾಡಿಸಲು ನನ್ನಿಂದ ಇನ್ನೂ ಆಗಿಲ್ಲ. ನಾನು ಗೇಟು ಮುಚ್ಚಿ, ಬೀಗ ಎಳೆದು ನೋಡಿ, ಮಧ್ಯಾಹ್ನದ ರೋಗಿಗಳಿಗೆ ಏನು ತಿನ್ನಬೇಕೆಂದು ಹೇಳಲು ಮತ್ತೆ ಆಟೋ ಹಿಡಿದೆ.