ಅಡುಗೆಮನೆಯವರೆಗೆ ಬಂದ ರೈಲುದಾರಿ

ಬೆಳಗಿನ ಐದೂವರೆ. ಹುಣಸೆಕೊಪ್ಪಲಿನ ಡೇರಿ ಮುಂದೆ ಹಾಲಿನ ಕ್ಯಾನುಗಳ ಸದ್ದು ಇನ್ನೂ ಶುರುವಾಗಿಲ್ಲ. ಎದುರಿನ ಹೆಂಚಿನ ಮನೆಯಲ್ಲಿ ನೀಲಕಂಠಸ್ವಾಮಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಬೆಂಕಿಕಡ್ಡಿಯ ಕಾಲುಭಾಗದಷ್ಟು ಉದ್ದದ ಮರದ ಚೂರೊಂದನ್ನು ಚಿಮಟದಲ್ಲಿ ಹಿಡಿದಿದ್ದಾರೆ. ಅಂಟಿಗೆ ಅದ್ದಿ, ಹಲಗೆಯ ಮೇಲಿಟ್ಟು, ಉಸಿರು ಬಿಗಿಹಿಡಿದು ಒತ್ತುತ್ತಾರೆ. ರೈಲುಕಂಬಿಯ ಅಡಿಗೆ ಹಾಸುವ ಒಂದು ಪುಟ್ಟ ಸ್ಲೀಪರ್ ಕೂತಿತು. ಅದರ ಪಕ್ಕ ಇನ್ನೊಂದು. ಏಳು ಗಂಟೆಗೆ ಹೆಂಡತಿ ಪ್ರೇಮಮ್ಮ ಕಾಫಿ ತರುವ ಹೊತ್ತಿಗೆ ದಿನವೂ ಮೂವತ್ತು ಕೂತಿರುತ್ತವೆ. ಇವತ್ತು ನಾನು ಮಾತಿಗೆಳೆದದ್ದರಿಂದ ಇಪ್ಪತ್ತೆರಡಕ್ಕೇ ನಿಂತಿದೆ, ಇನ್ನೂ ಎಂಟು ಬಾಕಿ. ಹನ್ನೊಂದು ಗಂಟೆಗೆ ಹುಣಸೂರಿನಿಂದ ಒಬ್ಬ ಅಜ್ಜಿ ಬರುವವರಿದ್ದಾರೆ, ಅಷ್ಟರಲ್ಲಿ ಮುಗಿಯಬೇಕು.

"ಪರ್ವಾಗಿಲ್ಲ ಬುಡಿ" ಎಂದು ಅವರೇ ನನ್ನನ್ನು ಸಮಾಧಾನ ಮಾಡುತ್ತಾರೆ. "ಈ ದಾರೀಲಿ ರೈಲು ಯಾವತ್ತೂ ಟೈಮಿಗೆ ಬತ್ತಿರ್ಲಿಲ್ವಂತೆ."

ಐವತ್ತೊಂಬತ್ತರ ನೀಲಕಂಠಸ್ವಾಮಿ ಬಡಗಿ. ದಿನಕ್ಕೆ ಆರು ಗುದ್ದಲಿ ಕಾವು, ಎರಡು ಕೊಡಲಿ ಕಾವು, ನಡುವೆ ಯಾರದಾದರೂ ಮುರಿದ ಮಂಚದ ಕಾಲು. ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರ ಹೋಬಳಿಯ ಈ ಸುತ್ತಿನಲ್ಲಿ ಅವರು ಹಾಕಿದ ಕಾವು ಹಿಡಿಯದ ಕೈ ಕಡಿಮೆ. ಹೆಸರು ಕೇಳಿದರೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ, 'ಆ ರೈಲಿನ ಹುಚ್ಚಿನ ಆಸಾಮಿಯಾ' ಎಂದರೆ ಮನೆಬಾಗಿಲವರೆಗೂ ಬಿಟ್ಟುಹೋಗುತ್ತಾರೆ.

ಹುಚ್ಚಿಗೊಂದು ಕಾರಣವಿದೆ. ಮೂವತ್ತು ವರ್ಷಗಳ ಹಿಂದೆ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಾಗ ಊರಾಚೆಯ ತಿರುವನ್ನು ನೇರ ಮಾಡಿದರು. ತಿರುವಿನಲ್ಲಿದ್ದ ಹಳೆಯ ದಾರಿ ಯಾರಿಗೂ ಬೇಡವಾಯಿತು. ಕಿತ್ತ ಸ್ಲೀಪರುಗಳನ್ನು ಹರಾಜಿಗಿಟ್ಟಾಗ ಪಿರಿಯಾಪಟ್ಟಣದ ಕಡೆಯಿಂದ ಎತ್ತಿನಗಾಡಿ ಕಟ್ಟಿಕೊಂಡು ಬಂದವರು ನೀಲಕಂಠಸ್ವಾಮಿ. ಆ ಮರದಲ್ಲಿ ಬಾಗಿಲು, ಕಿಟಕಿ ಮಾಡುತ್ತಾ ಇಲ್ಲೇ ನೆಲೆನಿಂತರು. ಅನ್ನ ಕೊಟ್ಟ ದಾರಿಯಲ್ಲಿ ರೈಲು ಓಡಿದ್ದನ್ನು ಅವರು ಒಮ್ಮೆಯೂ ನೋಡಿಲ್ಲ.

"ನಲವತ್ತು ಬಾಗ್ಲು ಮಾಡಿವ್ನಿ ಆ ಮರದಾಗೆ. ಒಂದಿನ ಕೊನೇ ಸ್ಲೀಪರ್ ಕೊಯ್ಯುವಾಗ ಕೈ ಬರ್ಲಿಲ್ಲ ಕಣ್ರೀ. ಇದೂ ಹೋದ್ರೆ ಆ ದಾರಿ ಇತ್ತು ಅನ್ನಾಕೆ ಏನೈತೆ ಅನ್ಸ್ತು" ಎನ್ನುತ್ತಾರೆ.

ಆ ಕೊನೆಯ ಸ್ಲೀಪರೇ ಈಗ ಸಾವಿರಾರು ಚೂರುಗಳಾಗಿ ಹಲಗೆಯ ಮೇಲೆ ಕೂರುತ್ತಿದೆ. ನೂರು ಅಡಿ ದಾರಿಗೆ ಅರ್ಧ ಅಡಿ ಹಲಗೆ, ಇದು ಅವರ ಅಳತೆ. ಕಂಬಿಯ ಜಾಗಕ್ಕೆ ಕಟ್ಟುತಂತಿ, ಹಳ್ಳದ ಸೇತುವೆಗೆ ಎಣ್ಣೆಡಬ್ಬದ ತಗಡು. ಹಲಸಿನ ಮರದ ಎಂಜಿನ್ನಿಗೂ ಮೂರು ಬೋಗಿಗಳಿಗೂ ಹಿತ್ತಾಳೆ ಮಣಿಯ ಗಾಲಿ.

ಮಾಡುವುದಕ್ಕಿಂತ ಹಳೆಯ ದಾರಿಯ ಗುರುತು ಹುಡುಕುವುದೇ ಹೆಚ್ಚು ಕಷ್ಟವಾಯಿತು. ನಾಲೆ ಬಂದು ಗದ್ದೆಗಳು ಮಟ್ಟವಾಗಿವೆ, ಗಾಡಿದಾರಿಯೂ ಜಾಗ ಬದಲಿಸಿದೆ. ಉಳಿದಿರುವುದು ಹಳ್ಳದಲ್ಲಿ ಸೇತುವೆಯ ಎರಡು ಕಲ್ಲುಕಂಬ ಮಾತ್ರ. ಗಾಡಿದಾರಿ ಕಂಬಿ ದಾಟುತ್ತಿದ್ದ ಕಡೆಯ ರೈಲ್ವೆ ಗೇಟು ಎಲ್ಲಿತ್ತು ಎಂದು ನಾಲ್ವರನ್ನು ಕೇಳಿದರೆ ಐದು ಜಾಗ ತೋರಿಸುತ್ತಾರೆ. ಆರು ವರ್ಷಗಳಲ್ಲಿ ನೀಲಕಂಠಸ್ವಾಮಿ ಯಾರ ಯಾರದೋ ಮದುವೆ ಆಲ್ಬಂ ತಿರುವಿದ್ದಾರೆ, ವಧೂವರರನ್ನು ಬಿಟ್ಟು ಅವರ ಬೆನ್ನ ಹಿಂದಿನ ಸೇತುವೆಯನ್ನು ನೋಡಿದ್ದಾರೆ.

ಕೊನೆಗೆ ಕೈಹಿಡಿದವರು ಭೇರ್ಯದ ಚನ್ನಬಸವಣ್ಣ. ಎಂಬತ್ತಾರರ ಅವರು ಒಂದು ಕಾಲದಲ್ಲಿ ಈ ದಾರಿಯ ಕೀಮ್ಯಾನ್. ಹೆಗಲ ಮೇಲೆ ಸುತ್ತಿಗೆ ಹೊತ್ತು, ಕಂಬಿ ಸಡಿಲವಾಗಿದೆಯೇ ಎಂದು ದಿನವೂ ನಡೆದು ನೋಡುವುದು ಅವರ ಕೆಲಸವಾಗಿತ್ತು. ಸೇತುವೆಯಿಂದ ಗೇಟಿಗೆ ಎಷ್ಟು ದೂರ ಎಂದರೆ ಒಂದು ಕ್ಷಣವೂ ಯೋಚಿಸದೆ ಹೇಳಿದರು: ನಾನೂರ ಮೂವತ್ತು ಹೆಜ್ಜೆ. ನೀಲಕಂಠಸ್ವಾಮಿ ಕಲ್ಲುಕಂಬದಿಂದ ಅಷ್ಟೇ ಹೆಜ್ಜೆ ನಡೆದರು. ಭತ್ತದ ಗದ್ದೆಯ ಮಧ್ಯೆ ಬಂದು ನಿಂತರು. ಅಡಿಪಾಯದ ಒಂದು ಕಲ್ಲೂ ಸಿಗಲಿಲ್ಲ. ಉಳುಮೆಯಲ್ಲಿ ಹೋಗಿರಬೇಕು ಎಂದುಕೊಂಡು, ಹಲಗೆಯ ಮೇಲೆ ಆ ಲೆಕ್ಕಕ್ಕೇ ಗೇಟಿನ ಮನೆ ಕಟ್ಟಿದರು.

ಆ ಮನೆಯಲ್ಲಿ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವರು ಶಿವರುದ್ರಮ್ಮ. ಗಂಡ ಶಿವನಂಜಪ್ಪ ಅಲ್ಲಿ ಗೇಟ್‌ಮ್ಯಾನ್ ಆಗಿದ್ದವರು, ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಎಪ್ಪತ್ತೆಂಟರ ಶಿವರುದ್ರಮ್ಮ ಈಗ ಹುಣಸೂರಿನಲ್ಲಿ ಮಗಳು ಪುಟ್ಟಲಕ್ಷ್ಮಿಯ ಜೊತೆಗಿದ್ದಾರೆ. ಕಣ್ಣು ಪೂರ್ತಿ ಹೋಗಿದೆ. ಅವರಿರುವ ವಿಷಯ ನೀಲಕಂಠಸ್ವಾಮಿಗೆ ಗೊತ್ತಾದದ್ದೇ ಕಳೆದ ವರ್ಷ. ಗೇಟಿದ್ದ ಗದ್ದೆಗೆ ಬನ್ನಿ ಎಂದು ಹೋಗಿ ಕರೆದಾಗ ಅವರು ಕೇಳಿದ್ದು ಒಂದೇ: "ಗದ್ದೆ ಮ್ಯಾಲೆ ನಿಲ್ಸಿದ್ರೆ ನಂಗೇನು ಗೊತ್ತಾಯ್ತದಪ್ಪ? ಒಂದ್ಸಲ ನಮ್ಮನೇನ ಮುಟ್ಸು, ಸಾಕು."

ಮುಟ್ಟಿಸಿದರು. ಶಿವರುದ್ರಮ್ಮನ ಬೆರಳು ಸೇತುವೆಯಿಂದ ಕಂಬಿ ಹಿಡಿದುಕೊಂಡು ಗೇಟಿನ ಮನೆಗೆ ಬಂತು, ಹೆಂಚು ಸವರಿತು, ಮತ್ತೆ ಹಿಂದಕ್ಕೆ ಹೋಯಿತು. ಅವರು ನೊಂದುಕೊಂಡೇ ಹೇಳಿದರು: "ಚೆಂದಾಗೈತೆ ಕಣಪ್ಪ. ಆದ್ರೆ ಇದು ನಮ್ಮನೆ ಅಲ್ಲ. ಸೇತ್ವೆ ಮ್ಯಾಲೆ ರೈಲಿನ ಸದ್ದು ಬದ್ಲಾಯ್ತಿದ್ದಂಗೆ ನಾನು ಪಾತ್ರೆ ಇಳ್ಸಿ, ತಲೆಗೂದ್ಲು ಸುತ್ಕಂಡು, ಮಕ್ಳಿಬ್ರನ್ನ ಒಳಕ್ಕೆ ಎಳ್ಕಂಡು ಬಾಗ್ಲಲ್ಲಿ ನಿಂತ್ಕತಿದ್ದೆ. ಆಮ್ಯಾಕೆ ರೈಲು ಬರ್ತಿತ್ತು. ನೀನು ಕಟ್ಟಿರೋ ಮನೇಲಿ ಸೌಟು ಕೈಲಿರುವಾಗ್ಲೇ ರೈಲು ಬಂದ್ಬುಡ್ತದೆ."

ಆ ಮಾತು ನೀಲಕಂಠಸ್ವಾಮಿಯನ್ನು ಚುಚ್ಚಿತು. ಮರುದಿನವೇ ಭೇರ್ಯಕ್ಕೆ ಓಡಿದರು. ಚನ್ನಬಸವಣ್ಣನನ್ನು ಬಾಯಲ್ಲಿ ಕೇಳಲಿಲ್ಲ, ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದು ಎಣಿಸಿ ತೋರಿಸಿ ಎಂದರು. ಮುದುಕರು ಊರುಗೋಲು ಹಿಡಿದು ನಡೆದರು. ಬಲಗಾಲು ಊರಿದಾಗ ಒಂದು ಎಂದರು. ಎಡಗಾಲಿಗೆ ಸುಮ್ಮನಿದ್ದರು. ಮತ್ತೆ ಬಲಗಾಲಿಗೆ ಎರಡು.

"ಎಡಗಾಲ್ನ ಯಾರ್ಲಾ ಎಣಿಸ್ತಾರೆ?" ಎಂದು ಚನ್ನಬಸವಣ್ಣ ತಿರುಗಿ ಗದರಿದರಂತೆ. "ಕಣ್ಣು ಬಲಗಡೆ ಕಂಬಿ ಮ್ಯಾಲೆ ಇರ್ತದೆ. ಬಲಗಾಲು ಬಿದ್ದಾಗ ಒಂದು. ಕೀಮ್ಯಾನ್ ಎಜ್ಜೆ ಅಂದ್ರೆ ಅಂಗೇ ಕಣ್ಲಾ."

ಅಲ್ಲಿಗೆ ದೂರ ಎರಡರಷ್ಟಾಯಿತು. ಸೇತುವೆಯಿಂದ ಹೊಸ ಲೆಕ್ಕದಲ್ಲಿ ನಡೆದಾಗ ಬದುವಿನ ಮೇಲೊಂದು ನುಗ್ಗೆಮರ, ಅದರ ಬುಡದಲ್ಲಿ ಗಾರೆ ಮೆತ್ತಿದ ಮೂರು ಕಲ್ಲು. ನೀಲಕಂಠಸ್ವಾಮಿ ಅಲ್ಲೇ ಕೂತು ಅತ್ತುಬಿಟ್ಟರು. ಇದನ್ನು ನನಗೆ ಹೇಳಿದ್ದು ಅವರಲ್ಲ, ಪ್ರೇಮಮ್ಮ.

ಆದರೆ ಹಲಗೆ ಇನ್ನೂ ಐದೂವರೆ ಅಡಿ ಉದ್ದವಾಗಬೇಕಲ್ಲ! ಕೋಣೆಯಲ್ಲಿ ಒಂದು ಗೇಣು ಜಾಗವಿಲ್ಲ, ಆಚೆಗಿರುವುದು ಅಡುಗೆಮನೆ. ಈಗ ಗೋಡೆಯಲ್ಲಿ ಮೊಳದಗಲದ ಕಿಂಡಿಯಿದೆ. ರೈಲುದಾರಿ ಅದರೊಳಗೆ ತೂರಿ ಒಲೆಯ ಪಕ್ಕಕ್ಕೆ ಬಂದಿದೆ.

"ಗೋಡೆ ಒಡೀರಿ ಅಂದೋಳು ನಾನೇ" ಎನ್ನುತ್ತಾರೆ ಪ್ರೇಮಮ್ಮ. "ಆ ಅಮ್ಮ ನಮ್ಮನೆ ಅಲ್ಲ ಅಂದ್ಮೇಲೆ ಇವ್ರು ಮೂರು ದಿನ ಸರ್ಯಾಗಿ ಉಣ್ಲಿಲ್ಲ. ಒಗ್ಗರಣೆ ಹೊಗೆ ಒಸಿ ಆ ಕಡೀಕೂ ಹೋದ್ರೆ ಹೋಗ್ಲಿ ಬುಡಿ."

ಹನ್ನೊಂದು ಗಂಟೆಗೆ ಪುಟ್ಟಲಕ್ಷ್ಮಿ ತಾಯಿಯ ಕೈಹಿಡಿದು ಕರೆತರುತ್ತಾರೆ. ಕೊನೆಯ ಎಂಟು ಸ್ಲೀಪರುಗಳ ಅಂಟು ಒಣಗಿದೆ. ಶಿವರುದ್ರಮ್ಮ ಅಡುಗೆಮನೆಯಲ್ಲಿ ಕೂರುತ್ತಾರೆ. ಎಡಗೈಯ ತೋರುಬೆರಳು ಗೇಟಿನ ಮನೆಯ ಹೊಸ್ತಿಲ ಮೇಲೆ, ಬಲಗೈಯಲ್ಲಿ ಕಾಫಿ ಲೋಟ. ಎದುರಿಗೆ ನೀಲಕಂಠಸ್ವಾಮಿ, ಕೈಯಲ್ಲಿ ರೈಲಿಗೆ ಕಟ್ಟಿದ ದಾರ. ಆರು ವರ್ಷದ ಕೆಲಸ ಸರಿಯೋ ತಪ್ಪೋ ಎಂಬುದು ಇನ್ನೊಂದು ನಿಮಿಷದಲ್ಲಿ ಗೊತ್ತಾಗಬೇಕು. ಅವರು ಮೆಲ್ಲಗೆ ದಾರ ಎಳೆಯತೊಡಗುತ್ತಾರೆ.

ಗೋಡೆಯಾಚೆ ಗಾಲಿಗಳು ಉರುಳುತ್ತವೆ. ತಗಡಿನ ಸೇತುವೆ ಬಂದಾಗ ಸದ್ದು ಬದಲಾಗುತ್ತದೆ.

ಶಿವರುದ್ರಮ್ಮ ಲೋಟ ಕೆಳಗಿಡುತ್ತಾರೆ. ಬಲಗೈ ತಾನಾಗಿಯೇ ತಲೆಗೂದಲಿಗೆ ಹೋಗುತ್ತದೆ, ಸುತ್ತಿ ಸಿಕ್ಕಿಸುತ್ತದೆ. ಆಮೇಲೆ ಪಕ್ಕದಲ್ಲಿದ್ದ ಮಗಳ ರಟ್ಟೆ ಹಿಡಿದು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಐವತ್ತು ದಾಟಿದ ಪುಟ್ಟಲಕ್ಷ್ಮಿ ತಾಯಿಗೆ ಒರಗಿ ಕೂರುತ್ತಾರೆ. ಇಷ್ಟಾದರೂ ರೈಲು ಇನ್ನೂ ಬಂದಿಲ್ಲ. ಶಿವರುದ್ರಮ್ಮನ ಮುಖ ಅರಳುತ್ತದೆ. ಎಂಜಿನ್ನು ಕಿಂಡಿಯಿಂದ ಹೊರಬಂದು ಒಲೆಯತ್ತ ಬರುತ್ತಿದೆ.

"ನಮ್ಮೋರು ಗೇಟು ಹಾಕವ್ರಾ, ಒಸಿ ನೋಡಪ್ಪ" ಎನ್ನುತ್ತಾರೆ ಶಿವರುದ್ರಮ್ಮ.

ನೀಲಕಂಠಸ್ವಾಮಿಯ ದಾರ ನಿಲ್ಲುತ್ತದೆ. ಪೊರಕೆಕಡ್ಡಿಯ ಪುಟ್ಟ ಗೇಟು ಮೇಲೆತ್ತಿದಂತೆಯೇ ಇದೆ. ಅವರು ಕಿರುಬೆರಳಲ್ಲಿ ಅದನ್ನು ಸದ್ದಾಗದಂತೆ ಇಳಿಸುತ್ತಾರೆ.

"ಹಾಕವ್ರೆ ಕಣಮ್ಮ."

"ಅಂಗಾದ್ರೆ ಬರ್ಲಿ ಬುಡು."