ಬುಧವಾರದ ಅಕ್ಕ

ನನ್ನ ಗಂಡ ಮನೆಯಲ್ಲಿ ಮಾತಾಡುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಬಾಯಿ ಬಿಡುವವರಲ್ಲ. ನೀರಿನ ತಂಬಿಗೆ ಹತ್ತಿರ ಎಳೆದುಕೊಳ್ಳುತ್ತಾರೆ, ನಾನೇ ತಿಳಿದುಕೊಳ್ಳಬೇಕು. ಇಂಥವರು ಬುಧವಾರ ಸಂಜೆಯಾದರೆ ಸವಣೂರಿನ ಕೇಬಲ್ ಚಾನೆಲ್ಲಿನಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದರು. ಟಿವಿ ಮುಂದೆ ಕುಳಿತ ನನಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದಂತಾಗುತ್ತಿತ್ತು.

ಅದು ಕಬಡ್ಡಿ ಪಂದ್ಯಾವಳಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ಬಂದ ಹತ್ತಾರು ತಂಡಗಳು. ಒಮ್ಮೆ ಸೋತರೆ ಮುಗಿಯಿತು, ಗಂಟುಮೂಟೆ ಕಟ್ಟಬೇಕು. ಭಾನುವಾರ ಊರೂರಲ್ಲೂ ಪಂದ್ಯ ಇರುತ್ತಿದ್ದುದರಿಂದ ಒಳ್ಳೆಯ ಆಟಗಾರರು ಸಿಗುತ್ತಿರಲಿಲ್ಲ. ಹೀಗಾಗಿ ಕೇಬಲ್ ನಡೆಸುವವರು ಯಾರಿಗೂ ಬೇಡವಾಗಿ ಬಿದ್ದಿದ್ದ ಬುಧವಾರವನ್ನು ಎತ್ತಿಕೊಂಡರು. ಮೊದಲ ವರ್ಷ ಮಣ್ಣಿನ ಅಂಕಣ, ಕಂಬಕ್ಕೆ ಕಟ್ಟಿದ ಟ್ಯೂಬ್‌ಲೈಟು, ಮದುವೆಯ ವಿಡಿಯೊ ತೆಗೆಯುವವನ ಒಂದೇ ಕ್ಯಾಮೆರಾ. ಆತ ರೂಢಿಯಂತೆ ಆಟ ಬಿಟ್ಟು, ಊಟದ ಪಂಕ್ತಿ ತೋರಿಸುವ ಹಾಗೆ ಕುಳಿತ ಜನರನ್ನೇ ಒಬ್ಬೊಬ್ಬರಾಗಿ ತೋರಿಸುತ್ತಿದ್ದ. ಕಾಣದ ಆಟವನ್ನು ಯಾರಾದರೂ ಬಾಯಲ್ಲಿ ಹೇಳಬೇಕಲ್ಲ! ಹಿಂದೆ ಕಬಡ್ಡಿ ಆಡಿದ್ದ ನನ್ನ ಗಂಡನ ಕೈಗೆ ಮೈಕು ಬಂದದ್ದು ಹಾಗೆ.

ಹತ್ತಿಮತ್ತೂರಿನ ಹುಡುಗನೊಬ್ಬ ರೇಡಿಗೆ ಹೊರಟರೆ ಸಾಕು, ಇವರು ಕುಣಿಯುವುದೊಂದು ಬಾಕಿ. "ಹೊಂಟೈತಿ ನೋಡ್ರಿ, ಹತ್ತಿಮತ್ತೂರ ಹುಲಿ! ಈ ಹುಡುಗಗ ಅವ್ವ ಮಾಡಿದ ಶೇಂಗಾ ಹೋಳಿಗಿ ಅಂದ್ರ ಪ್ರಾಣರಿ!" ನನಗೆ ಏನು ಇಷ್ಟ ಎಂದು ಒಂದು ದಿನ ಕೇಳಿದವರಲ್ಲ. ತಡಸ ಊರಿನ ಆಟಗಾರನ ಮೊಣಕಾಲಿಗೆ ಪೆಟ್ಟಾದಾಗ ಇವರು ಮೈಕಿನಲ್ಲೇ ದೇವರಿಗೆ ಹರಕೆ ಹೊತ್ತರು. ನಾನು ಎಣ್ಣೆಯಲ್ಲಿ ಕೈ ಸುಟ್ಟುಕೊಂಡಾಗ, "ಮುಲಾಮು ಗ್ವಾಡಿ ಮಾಡದಾಗ ಐತಿ" ಎಂದಿದ್ದರು, ಅಷ್ಟೇ. ಆ ಹುಡುಗರ ಮೇಲೆಲ್ಲ ನನಗೆ ಸವತಿ ಮತ್ಸರ.

ಮುಂದೆ ಮಣ್ಣು ಹೋಗಿ ಮ್ಯಾಟು ಬಂತು, ಇನ್ನೆರಡು ಕ್ಯಾಮೆರಾ ಬಂದವು. ಆಮೇಲೆ ವಿರಾಮದಲ್ಲಿ ನೋಡುಗರು ಫೋನು ಮಾಡಿ, ಯಾವ ತಂಡ ಗೆಲ್ಲುತ್ತದೆಂದು ಹೇಳುವ ಪದ್ಧತಿಯೂ ಶುರುವಾಯಿತು. ಹಿರೇಕೆರೂರು ನನ್ನ ತವರು. ಅದರ ಪಂದ್ಯವಿದ್ದ ಒಂದು ಬುಧವಾರ, ಪಕ್ಕದ ಮನೆಯಾಕೆಯ ಮೊಬೈಲು ತಂದು, ಟಿವಿಯ ದನಿ ಪೂರ್ತಿ ಇಳಿಸಿ, ನಾನೂ ಫೋನು ಹಚ್ಚಿದೆ.

"ಹೇಳ್ರಿ ಅಕ್ಕಾರ, ಎಲ್ಲಿಂದ ಮಾತಾಡಾಕತ್ತೀರಿ?"

"ಹಿರೇಕೆರೂರ ಕಡೇರಿ."

"ಆರಾಮ ಅದೀರೇನ್ರಿ? ಚಾ ಆತೇನ್ರಿ?"

ಮದುವೆಯಾದಾಗಿನಿಂದ ಈ ಬಾಯಿಂದ ನಾನು ಕೇಳದ ಮಾತು! ಗುರುತು ಹತ್ತಲಿಲ್ಲವೆ ಎಂದು ಟಿವಿಯಲ್ಲಿ ಅವರ ಮುಖ ನೋಡಿದೆ. ಗುರುತು ಹತ್ತಿರಲಿಲ್ಲ. ಮೈದಾನದ ಗದ್ದಲ ಹೋಗಲಿ, ಮನೆಯಲ್ಲಿ ನನ್ನ ದನಿಗೆ ಕಿವಿ ಕೊಟ್ಟಿದ್ದರೆ ತಾನೆ?

"ಮನ್ಯಾಗ ಎಲ್ಲಾರೂ ಕೂಡಿ ನೋಡಾಕತ್ತೀರೇನ್ರಿ?"

"ಇಲ್ರಿ, ಒಬ್ಬಾಕೀನ. ನಮ್ಮ ಮನ್ಯಾವ್ರು ಬುಧವಾರ ಮನ್ಯಾಗ ಇರೂದಿಲ್ರಿ. ಇದ್ರೂ ಮಾತಾಡೂದಿಲ್ರಿ."

"ಅಯ್ಯ ಪಾಪ! ಅಂಥಾ ಗಂಡಸೂರೂ ಇರ್ತಾರ್ರಿ. ನೀವು ವಾರವಾರ ಫೋನ್ ಮಾಡ್ರಿ ಅಕ್ಕಾರ, ಮಾತಾಡಾಕ ನಾವಿಲ್ಲೇನು?" ಎಂದು ನಕ್ಕರು. ಟಿವಿಯಲ್ಲಿ ಆ ನಗು ನೋಡಿದೆ. ಅಷ್ಟು ಚಂದ ನಗುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ.

ಮನೆಗೆ ಬಂದು ತಾಟಿನ ಮುಂದೆ ಕುಳಿತವರು ತಾವಾಗಿಯೇ ಬಾಯಿ ಬಿಟ್ಟರು. "ಇವತ್ತ ನಿಮ್ಮ ತವರಿನ ಕಡೇ ಅಕ್ಕ ಒಬ್ಬಾಕಿ ಫೋನ್ ಮಾಡಿದ್ಲು. ಎಷ್ಟ ಚಂದ ಮಾತಾಡತಾಳ!"

ನಾನೇ ಅದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಮುಂದಿನ ಬುಧವಾರ ಆ ಅಕ್ಕ ಇರುವುದಿಲ್ಲ, ಅವಳೊಂದಿಗೆ ಆ ನಗುವೂ ಇರುವುದಿಲ್ಲ. ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಆಮೇಲೆ ವಾರ ತಪ್ಪದೆ ಮಾತಾಡಿದೆ. ಅಕ್ಕನಿಗೆ ಚೀಪುವ ಹುಣಸೆ ಚಿಗಳಿ ಇಷ್ಟವೆಂದು ಇವರು ಮೈಕಿನಲ್ಲಿ ಊರಿಗೆಲ್ಲ ಸಾರಿದರು. ಮನೆಗೆ ಒಮ್ಮೆಯೂ ತರಲಿಲ್ಲ.

ಬರಬರುತ್ತ ಜನ ಮೊಬೈಲಿಗೆ ಬಿದ್ದರು, ಕೇಬಲ್ಲು ಯಾರಿಗೂ ಬೇಡವಾಯಿತು. ಹಾನಗಲ್ಲಿನವರು ಗೆದ್ದ ವರ್ಷವೇ ಕೊನೆ, ಪಂದ್ಯಾವಳಿ ನಿಂತಿತು. ಈಗ ಬುಧವಾರವೂ ಇವರು ಮನೆಯಲ್ಲೇ ಇರುತ್ತಾರೆ, ಮಾತಿಲ್ಲದೆ.

ಮೊನ್ನೆ ಅವರ ಮಗ್ಗುಲಲ್ಲೇ ಕುಳಿತು ಮೆಂತ್ಯೆ ಸೊಪ್ಪು ಸೋಸುತ್ತಿದ್ದೆ. ಗೋಡೆ ನೋಡುತ್ತ ನಿಟ್ಟುಸಿರು ಬಿಟ್ಟರು. "ಆ ಹಿರೇಕೆರೂರ ಅಕ್ಕ ಈಗ ಯಾರ ಜೋಡಿ ಮಾತಾಡತಾಳೋ ಏನೋ, ಪಾಪ."

"ಆಕಿ ಚಿಂತಿ ನಿಮಗ್ಯಾಕ?" ಎಂದು ಸೊಪ್ಪಿನ ಬುಟ್ಟಿ ಕುಕ್ಕಿದೆ.

ಅವರು ಬೆಚ್ಚಿಬಿದ್ದು ನನ್ನ ಮುಖ ನೋಡಿದರು. ನಾನು ಸುಳ್ಳು ಸಿಟ್ಟು ಮಾಡಿರಲಿಲ್ಲ. ಆ ಅಕ್ಕ ಎದುರಿಗೆ ಸಿಕ್ಕಿದ್ದರೆ ಜಡೆ ಹಿಡಿದು ಜಗಳ ತೆಗೆಯುತ್ತಿದ್ದೆ.