ಮೊಟ್ಟೆಯೊಳಗಿನ ಸ್ಟೇಷನ್

ಆಗ ನಾನು ರೇಡಿಯೋ ರಿಪೇರಿ ಮಾಡುತ್ತಿದ್ದೆ. ಮತ್ತಿಕೆರೆ ಇನ್ನೂ ಹಳ್ಳಿ. ಒಂದು ಮಧ್ಯಾಹ್ನ ಅಲ್ಲಿನ ಗೌಡರ ಮನೆ ಜಗುಲಿಯಲ್ಲಿ ಕೂತು, ಬರೀ ಗೊರಗೊರ ಅನ್ನುತ್ತಿದ್ದ ರೇಡಿಯೋಕ್ಕೆ ಕಿವಿಯಿಟ್ಟಿದ್ದೆ. ಮೂಲೆಯ ಬಿದಿರಿನ ಮಂಕರಿಯಲ್ಲಿ ಕಾವಿಗೆ ಕೂತ ಕೋಳಿಯಿತ್ತು. ಅದರ ರೆಕ್ಕೆಯಡಿ ಆಗಲೇ ಹೊರಬಂದ ಮರಿಗಳ ಚಿಂವ್‌ಚಿಂವ್ ಕೇಳುತ್ತಾ ಕೇಳುತ್ತಾ ನನಗೆ ಜೋಂಪು ಹತ್ತಿತ್ತು.

ಮನೆಯ ಅಜ್ಜಿ ಬಂದು, ಒಡೆಯದೆ ಉಳಿದಿದ್ದ ಒಂದೇ ಮೊಟ್ಟೆಯನ್ನು ನನ್ನ ಅಂಗೈಗಿಟ್ಟರು.

"ಒಸಿ ಕೇಳ್ರಪ್ಪ, ಒಳಗೆ ಸದ್ದೈತಾ? ನನ್ ಕಿವಿ ಮಂದ. ಕೋಳಿ ಮರಿ ಕಟ್ಕೊಂಡು ಏಳಾಕೆ ನೋಡ್ತೈತೆ. ಇದ್ರಾಗೆ ಜೀವ ಇದ್ರೆ ಇನ್ನೊಂದಿನ ಕೂರುಸ್ತೀನಿ, ಇಲ್ಲಾಂದ್ರೆ ಎಸೀತೀನಿ."

"ನಾನು ರೇಡಿಯೋದವನು, ಅಜ್ಜಿ."

"ಅದಕ್ಕೇ ಕೊಟ್ಟಿದ್ದು."

ಮೊಟ್ಟೆ ಕಿವಿಗೆ ಬೆಚ್ಚಗೆ ತಾಗಿತು. ಮೊದಲು ಏನೂ ಕೇಳಲಿಲ್ಲ. ಆಮೇಲೆ, ತುಂಬಾ ದೂರದ ಸ್ಟೇಷನ್ ಸಿಕ್ಕಿದ ಹಾಗೆ, ಟಕ್... ಟಕ್. ರೇಡಿಯೋದ ಸದ್ದು ತಗ್ಗಿಸಿ ಇನ್ನೊಮ್ಮೆ ಕಿವಿಯಿಟ್ಟೆ.

"ಏನಂತೆ?" ಅಂದರು ಅಜ್ಜಿ.

"ಬರ್ತೀನಿ ಅಂತಿದೆ."

ಅಜ್ಜಿ ಮೊಟ್ಟೆಯನ್ನು ಮೆಲ್ಲಗೆ ಕೋಳಿಯಡಿ ಸೇರಿಸಿ, ಅದು ಏಳದ ಹಾಗೆ ಮಂಕರಿ ಮುಚ್ಚಿದರು. ರೇಡಿಯೋ ಮಾತ್ರ ಅವತ್ತು ಸರಿಹೋಗಲಿಲ್ಲ.

ಮುಂದೆ ಆ ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಸೆರಗಿನಲ್ಲಿ ಮೊಟ್ಟೆ ಕಟ್ಟಿಕೊಂಡು ಬಂದು ನಿಲ್ಲುತ್ತಿದ್ದರು. ರೇಡಿಯೋ ಯಾರೂ ತರಲಿಲ್ಲ.